ಬೋರವೆಲ್ಲಿಯ ಶಾಸಕ: ದೊಡ್ಡವರ ಪರಿಚಯ ಯಾರಿಗಾಗಿ?

ಮಗನಿಗೆ ಕಾಲೇಜಿನಲ್ಲಿ ಸೀಟು ಬೇಕು, ಮಗಳಿಗೆ ಕೆಲಸ ಬೇಕು, ಹೊಲದ ಕಾಗದದಲ್ಲಿ ಹೆಸರು ತಿದ್ದಿಸಬೇಕು. ಇಂಥ ಸಂದರ್ಭ ಬಂದಾಗ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ಒಂದೇ: "ಅಲ್ಲಿ ನಮಗೆ ಯಾರ ಪರಿಚಯ ಇದೆ?" ಶಾಸಕರನ್ನು ಬಲ್ಲವರು, ಅವರ ಕಾರಿನ ಡ್ರೈವರನ್ನು ಬಲ್ಲವರು, ಕೊನೆಗೆ ಆ ಡ್ರೈವರಿನ ಭಾವನನ್ನು ಬಲ್ಲವರನ್ನಾದರೂ ಹುಡುಕುತ್ತೇವೆ. ಪರಿಚಯ ಇರುವುದು ತಪ್ಪಲ್ಲ. ಆದರೆ ಅದನ್ನು ಯಾವುದಕ್ಕೆ, ಯಾರಿಗಾಗಿ ಬಳಸುತ್ತೇವೆ ಎಂಬುದರಲ್ಲಿ ಮನುಷ್ಯನ ಬೆಲೆ ತಿಳಿಯುತ್ತದೆ. ಈ ದೃಷ್ಟಿಯಿಂದ, ನಮ್ಮ ಗಡಿ ಸೀಮೆಯಲ್ಲೇ ಹುಟ್ಟಿದ ಒಬ್ಬ ಶಾಸಕರ ಬದುಕನ್ನು ನೋಡುವುದು ಉಪಯುಕ್ತ. ಅವರೇ ಸುರವರಂ ಪ್ರತಾಪರೆಡ್ಡಿ.

ಎರಡು ನದಿಗಳ ನಡುವೆ

ಕಾಚಿಗುಡದಿಂದ ಕರ್ನೂಲಿಗೆ ಹೋಗುವ ರೈಲು ಮಾರ್ಗದಲ್ಲಿ ಗದ್ವಾಲ ದಾಟಿದ ಮೇಲೆ ಮಾನೋಪಾಡು ಎಂಬ ಚಿಕ್ಕ ಸ್ಟೇಷನ್ ಸಿಗುತ್ತದೆ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ರಾಯಚೂರಿನ ನೆಲವೂ ಇದೇ ಎರಡು ನದಿಗಳ ನಡುವೆ ಇದೆ. ಅದೇ ನೆಲ ಪೂರ್ವಕ್ಕೆ ಸರಿದು ಆಲಂಪುರದ ಬಳಿಯ ಸಂಗಮದಲ್ಲಿ ಕೊನೆಗೊಳ್ಳುತ್ತದೆ. ಆಲಂಪುರದ ನವಬ್ರಹ್ಮ ದೇವಾಲಯಗಳನ್ನು ಕಟ್ಟಿಸಿದವರು ಬಾದಾಮಿಯ ಚಾಲುಕ್ಯರು ಎಂದರೆ, ಕನ್ನಡ ನಾಡಿಗೂ ಈ ಸೀಮೆಗೂ ಇರುವ ನಂಟು ಎಷ್ಟು ಹಳೆಯದು ಎಂದು ಊಹಿಸಬಹುದು.

ಈ ಮಾನೋಪಾಡು ಮಂಡಲದ ಬೋರವೆಲ್ಲಿ ಗ್ರಾಮದಲ್ಲಿ 1896ರ ಮೇ 28ರಂದು ಪ್ರತಾಪರೆಡ್ಡಿಯವರು ಜನಿಸಿದರು. ಅವರ ಮನೆತನದ ಊರು ಅದೇ ಸೀಮೆಯ ಇಟಿಕ್ಯಾಲಪಾಡು. ಆಗ ಇದೆಲ್ಲ ನಿಜಾಮರ ಹೈದರಾಬಾದ್ ರಾಜ್ಯ. ಆಡಳಿತದ ಭಾಷೆ ಉರ್ದು. ತುಂಗಭದ್ರೆಯ ಆಚೆ ದಡದ ಕರ್ನೂಲು ಬ್ರಿಟಿಷರ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಬಾಲಕ ಪ್ರತಾಪರೆಡ್ಡಿ ನದಿ ದಾಟಿ ಕರ್ನೂಲಿನಲ್ಲಿ ವಕೀಲರಾಗಿದ್ದ ಚಿಕ್ಕಪ್ಪನವರ ಆಶ್ರಯದಲ್ಲಿ ಓದಿದರು. ಮುಂದೆ ಮದ್ರಾಸಿನಲ್ಲಿ ಪದವಿ ಪಡೆದು, ಕಾನೂನು ಓದಿ ವಕೀಲರಾದರು. ಹೀಗೆ ಅವರ ಬದುಕಿನ ಮೊದಲ ಮೆಟ್ಟಿಲೇ ಬಂಧುವೊಬ್ಬರ ಆಸರೆ. ಆ ಋಣವನ್ನು ಅವರು ಮುಂದೆ ಹೇಗೆ ತೀರಿಸಿದರು ಎಂಬುದೇ ಅವರ ಕಥೆ.

ಕೊತ್ವಾಲರ ನೆರಳು

ಹೈದರಾಬಾದಿಗೆ ಬಂದ ಅವರಿಗೆ ದೊರೆತ ಬಹು ದೊಡ್ಡ ಪರಿಚಯ ರಾಜಾ ಬಹದ್ದೂರ್ ವೆಂಕಟರಾಮ ರೆಡ್ಡಿಯವರದು. ವನಪರ್ತಿ ಸಂಸ್ಥಾನದ ಸೀಮೆಯಲ್ಲಿ ಹುಟ್ಟಿದ ವೆಂಕಟರಾಮ ರೆಡ್ಡಿ 1920ರಲ್ಲಿ ಹೈದರಾಬಾದ್ ನಗರದ ಕೊತ್ವಾಲರಾದರು. ಕೊತ್ವಾಲ ಎಂದರೆ ಇಂದಿನ ಪೊಲೀಸ್ ಕಮಿಷನರ್. ನಿಜಾಮರಿಗೆ ನೇರವಾಗಿ ಮಾತು ತಲುಪಿಸಬಲ್ಲ ಸ್ಥಾನ ಅದು. ಅಂಥವರ ಆಪ್ತರಾದ ಯುವ ವಕೀಲರೊಬ್ಬರು ದೊಡ್ಡ ಹುದ್ದೆಯನ್ನೋ ಜಹಗೀರನ್ನೋ ಬಯಸಿದ್ದರೆ ಯಾರೂ ಆಶ್ಚರ್ಯ ಪಡುತ್ತಿರಲಿಲ್ಲ.

ಪ್ರತಾಪರೆಡ್ಡಿಯವರಿಗೆ ಸಿಕ್ಕಿದ್ದು ಒಂದು ಹಾಸ್ಟೆಲಿನ ಉಸ್ತುವಾರಿ. 1918ರಲ್ಲಿ ವೆಂಕಟರಾಮ ರೆಡ್ಡಿಯವರು ಸಂಸ್ಥಾನಿಕರಿಂದ, ಜಮೀನ್ದಾರರಿಂದ ದೇಣಿಗೆ ಎತ್ತಿ ಹೈದರಾಬಾದಿನಲ್ಲಿ ರೆಡ್ಡಿ ಹಾಸ್ಟೆಲ್ ಸ್ಥಾಪಿಸಿದ್ದರು. ಜಿಲ್ಲೆಗಳಿಂದ ಓದಲು ಬರುವ ಹುಡುಗರಿಗೆ ರಾಜಧಾನಿಯಲ್ಲಿ ಊಟ, ಮಲಗಲು ಒಂದು ಜಾಗ ಸಿಕ್ಕಿದರೆ ಅರ್ಧ ಓದು ಮುಗಿದಂತೆ. ನಮ್ಮ ಮಿಷನ್ ಬೋರ್ಡಿಂಗುಗಳಲ್ಲಿ ಕಲಿತು ಬಂದ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಈ ಹಾಸ್ಟೆಲಿನ ಹೊಣೆಯನ್ನು ಪ್ರತಾಪರೆಡ್ಡಿಯವರು ಹಲವು ವರ್ಷ ಹೊತ್ತರು. ಅಲ್ಲಿ ಒಳ್ಳೆಯ ಗ್ರಂಥಾಲಯವನ್ನು ಬೆಳೆಸಿದರು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಹೆಸರೇ ಹೇಳುವಂತೆ ಇದು ಒಂದು ಜಾತಿಯ ಹೆಸರಿನಲ್ಲಿ ಎದ್ದ ಸಂಸ್ಥೆ. ಆ ಕಾಲದಲ್ಲಿ ಹಣ ಸೇರಿಸಲು ಇದ್ದ ದಾರಿ ಜಾತಿಯ ನಂಟು. ಹಣವಿದ್ದ ಜಾತಿಗೆ ಹಾಸ್ಟೆಲ್ ಬಂತು, ಹಣವಿಲ್ಲದವರ ಮಕ್ಕಳು ಹೊರಗೇ ಉಳಿದರು. ಪರಿಚಯದ ಬಲವೂ ಅದೇ, ಮಿತಿಯೂ ಅದೇ. ತನ್ನವರ ಬಾಗಿಲಲ್ಲೇ ನಿಂತುಬಿಟ್ಟರೆ ಅದು ಸ್ವಾರ್ಥದ ಇನ್ನೊಂದು ರೂಪವಾಗುತ್ತದೆ. ಪ್ರತಾಪರೆಡ್ಡಿಯವರು ಆ ಬಾಗಿಲನ್ನು ದಾಟಿ ಹೊರಗೆ ಬಂದರೇ? ಅವರ ಮುಂದಿನ ಕೆಲಸ ಉತ್ತರ ಕೊಡುತ್ತದೆ.

ನಗೆಗೆ ಉತ್ತರ, ನಿಂದೆಗೆ ಪಟ್ಟಿ

1921ರಲ್ಲಿ ಹೈದರಾಬಾದಿನಲ್ಲಿ ಸಮಾಜ ಸುಧಾರಣೆಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ಮಹರ್ಷಿ ಕರ್ವೆ. ಆಲಂಪಲ್ಲಿ ವೆಂಕಟರಾಮ ರಾವ್ ಎಂಬ ವಕೀಲರು ತೆಲುಗಿನಲ್ಲಿ ಮಾತನಾಡಲು ಎದ್ದಾಗ ಸಭಿಕರು ಗೇಲಿ ಮಾಡಿ ಗದ್ದಲ ಎಬ್ಬಿಸಿದರು. ರಾಜ್ಯದ ಅತಿ ಹೆಚ್ಚು ಜನರ ಮನೆಮಾತಿಗೆ ರಾಜಧಾನಿಯ ಸಭೆಯಲ್ಲಿ ಸಿಕ್ಕ ಮರ್ಯಾದೆ ಅಷ್ಟು! ಆ ಅವಮಾನದಿಂದಲೇ ಆಂಧ್ರ ಜನ ಸಂಘ ಹುಟ್ಟಿತು. ಮಾಡಪಾಟಿ ಹನುಮಂತ ರಾವ್, ಬೂರ್ಗುಲ ರಾಮಕೃಷ್ಣ ರಾವ್ ಮೊದಲಾದವರು ಅದರ ಆಧಾರವಾದರು. ಮುಂದೆ ಅದೇ ಆಂಧ್ರ ಮಹಾಸಭೆಯಾಗಿ ಬೆಳೆಯಿತು. 1930ರಲ್ಲಿ ಜೋಗಿಪೇಟೆಯಲ್ಲಿ ನಡೆದ ಅದರ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾದವರು ಪ್ರತಾಪರೆಡ್ಡಿ. ಜೊತೆಯಲ್ಲೇ ಮಹಿಳೆಯರ ಪ್ರತ್ಯೇಕ ಸಭೆಯೂ ನಡೆದದ್ದು ಗಮನಾರ್ಹ. ಮರು ವರ್ಷ ದೇವರಕೊಂಡದ ಅಧಿವೇಶನಕ್ಕೆ ಬೂರ್ಗುಲ ಅಧ್ಯಕ್ಷರಾದರು.

ಇದಕ್ಕೂ ಮೊದಲೇ, 1926ರಲ್ಲಿ, ಪ್ರತಾಪರೆಡ್ಡಿಯವರು 'ಗೋಲ್ಕೊಂಡ ಪತ್ರಿಕೆ'ಯನ್ನು ಆರಂಭಿಸಿದ್ದರು. ವಾರಕ್ಕೆ ಎರಡು ಬಾರಿ ಹೊರಬರುತ್ತಿದ್ದ ಪತ್ರಿಕೆ ಅದು. ಸಭೆ ಸೇರಲೂ ಸರಕಾರದ ಅಪ್ಪಣೆ ಬೇಕಿದ್ದ ಕಾಲದಲ್ಲಿ, ಉರ್ದು ಆಡಳಿತದ ರಾಜ್ಯದಲ್ಲಿ ತೆಲುಗು ಪತ್ರಿಕೆ ನಡೆಸುವುದು ಸುಲಭವಾಗಿರಲಿಲ್ಲ. ಅಚ್ಚಿನ ಮೊಳೆ, ಕಾಗದ, ಚಂದಾ ಹಣ ಎಲ್ಲದಕ್ಕೂ ದೊಡ್ಡವರ ಸ್ನೇಹ ಬೇಕಿತ್ತು. ಆ ಸ್ನೇಹದಿಂದ ಬಂದ ಪತ್ರಿಕೆಯನ್ನು ಓದಿದವರು ಮಾತ್ರ ಹಳ್ಳಿ ಹಳ್ಳಿಯ ಶಿಕ್ಷಕರು, ವಿದ್ಯಾರ್ಥಿಗಳು, ಗ್ರಂಥಾಲಯಕ್ಕೆ ಬರುವ ಸಾಮಾನ್ಯರು.

ಅವರ ಸ್ವಭಾವವನ್ನು ತೋರಿಸುವ ಒಂದು ಪ್ರಸಂಗವನ್ನು ಹೇಳಲೇಬೇಕು. ನಿಜಾಮ್ ರಾಜ್ಯದಲ್ಲಿ ತೆಲುಗು ಕವಿಗಳೇ ಇಲ್ಲ ಎಂಬ ಅರ್ಥದ ಮಾತನ್ನು ಒಬ್ಬ ಪಂಡಿತರು ಬರೆದರು. ಪ್ರತಾಪರೆಡ್ಡಿಯವರು ಕೂಗಾಡಲಿಲ್ಲ. ಊರೂರಿನ ಕವಿಗಳ ಪದ್ಯಗಳನ್ನೂ ಪರಿಚಯವನ್ನೂ ತರಿಸಿಕೊಂಡು ಕಲೆಹಾಕತೊಡಗಿದರು. 1934ರಲ್ಲಿ 'ಗೋಲ್ಕೊಂಡ ಕವುಲ ಸಂಚಿಕ' ಹೊರಬಂತು. ಅದರಲ್ಲಿ 354 ಕವಿಗಳಿದ್ದರು! ಇಲ್ಲ ಎಂದವರಿಗೆ ಇಷ್ಟು ಜನರ ಪಟ್ಟಿಯನ್ನೇ ಮುಂದಿಟ್ಟರು. ದೊಡ್ಡವರ ಪರಿಚಯವನ್ನು ಯಾರೂ ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಯಾರಿಗೂ ಗೊತ್ತಿಲ್ಲದ ಇಷ್ಟೊಂದು ಮಂದಿಯ ಪರಿಚಯ ಮಾಡಿಕೊಂಡು ಅವರ ಹೆಸರನ್ನು ಉಳಿಸುವುದು ಬೇರೆಯೇ ಮಾತು.

ಹದಿನೇಳು ತಿಂಗಳ ಶಾಸಕ

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದೊಡನೆ ಸೇರಿತು. 1952ರಲ್ಲಿ ಮೊದಲ ಚುನಾವಣೆ ನಡೆಯಿತು. ಆ ರಾಜ್ಯದ 16 ಜಿಲ್ಲೆಗಳಲ್ಲಿ 8 ತೆಲುಗಿನವು, 5 ಮರಾಠಿಯವು, 3 ಕನ್ನಡದವು: ರಾಯಚೂರು, ಗುಲ್ಬರ್ಗ, ಬೀದರ್. ಎಲ್ಲರೂ ಒಂದೇ ವಿಧಾನಸಭೆಯಲ್ಲಿ ಕುಳಿತರು. ಪ್ರತಾಪರೆಡ್ಡಿಯವರು ಕಾಂಗ್ರೆಸ್ ಅಭ್ಯರ್ಥಿಯಾಗಿ ವನಪರ್ತಿಯಿಂದ ಗೆದ್ದು ಶಾಸಕರಾದರು. ಅವರ ಹಳೆಯ ಒಡನಾಡಿ, ಅದೇ ಮಹಬೂಬ್‌ನಗರ ಜಿಲ್ಲೆಯ ಪಡಕಲ್ಲಿನಲ್ಲಿ ಹುಟ್ಟಿದ ಬೂರ್ಗುಲ ರಾಮಕೃಷ್ಣ ರಾವ್ 1952ರ ಮಾರ್ಚಿನಲ್ಲಿ ಮುಖ್ಯಮಂತ್ರಿಯಾದರು. ಕನ್ನಡ, ಮರಾಠಿ, ಉರ್ದು, ಪಾರ್ಸಿ ಎಲ್ಲ ಬಲ್ಲ ಬೂರ್ಗುಲ ಅಂಥ ಬಹುಭಾಷೆಯ ಸಭೆಗೆ ತಕ್ಕ ನಾಯಕ.

ಮುಖ್ಯಮಂತ್ರಿ ಮೂವತ್ತು ವರ್ಷಗಳ ಒಡನಾಡಿ. ಆದರೂ ಪ್ರತಾಪರೆಡ್ಡಿ ಮಂತ್ರಿಯಾಗಲಿಲ್ಲ. ಶಾಸಕರಾಗಿಯೂ ಹೆಚ್ಚು ಕಾಲ ಇರಲಿಲ್ಲ. 1953ರ ಆಗಸ್ಟ್ 25ರಂದು, 57ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಆಶ್ರಯದಾತ ವೆಂಕಟರಾಮ ರೆಡ್ಡಿಯವರು ತೀರಿಕೊಂಡದ್ದೂ ಅದೇ ವರ್ಷ.

ಒಡನಾಡಿಗಳ ದಾರಿ ಬಹು ದೂರ ಸಾಗಿತು. ಬೂರ್ಗುಲರ ಬಳಿ ಕಿರಿಯ ವಕೀಲರಾಗಿದ್ದ ಪಿ.ವಿ. ನರಸಿಂಹ ರಾವ್ 1991ರಲ್ಲಿ ದೇಶದ ಪ್ರಧಾನಿಯಾದರು. ಬೂರ್ಗುಲ ಸ್ವತಃ 1956ರ ಕೊನೆಯಲ್ಲಿ ಕೇರಳದ ರಾಜ್ಯಪಾಲರಾಗಿ ಹೋದರು. ಶಿಕ್ಷಣ ಮಸೂದೆಯ ಸುತ್ತ ಎದ್ದ ವಿಮೋಚನಾ ಸಮರದಲ್ಲಿ ಕೇರಳದ ಕಥೋಲಿಕರು ಮುಂಚೂಣಿಯಲ್ಲಿದ್ದರು. ಆ ಬಿಸಿಯಲ್ಲಿ 1959ರ ಜುಲೈ 31ರಂದು ಇ.ಎಂ.ಎಸ್. ಸರಕಾರವನ್ನು ಕೇಂದ್ರ ವಜಾ ಮಾಡಿದಾಗ ಅಲ್ಲಿ ರಾಜ್ಯಪಾಲರಾಗಿದ್ದವರು ಇದೇ ಪಡಕಲ್ಲಿನ ಬೂರ್ಗುಲ. ನಮ್ಮ ಸೀಮೆಯ ರಾಜಕಾರಣಿಗಳ ನಂಟು ಎಲ್ಲೆಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ!

ಗಡಿ ಸರಿಯಿತು, ಪುಸ್ತಕ ಉಳಿಯಿತು

1956ರ ನವೆಂಬರ್ 1ರಂದು ಆ ತ್ರಿಭಾಷಾ ರಾಜ್ಯವೇ ಇಲ್ಲವಾಯಿತು. ರಾಯಚೂರು ಜಿಲ್ಲೆ ಮೈಸೂರಿಗೆ ಬಂತು. ಆದರೆ ಅದರ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಗುಲ್ಬರ್ಗದ ಕೊಡಂಗಲ್, ತಾಂಡೂರುಗಳೂ ಹಾಗೆಯೇ. ಅಂದರೆ ಪ್ರತಾಪರೆಡ್ಡಿಯವರು ಬದುಕಿದ್ದಾಗ ರಾಯಚೂರು ಜಿಲ್ಲೆಯ ಭಾಗವಾಗಿದ್ದ ಅವರ ಸೀಮೆ, ಅವರು ತೀರಿಕೊಂಡ ಮೂರು ವರ್ಷಕ್ಕೆ ಬೇರೆ ಜಿಲ್ಲೆ, ಬೇರೆ ರಾಜ್ಯದ ಪಾಲಾಯಿತು. 2014ರಲ್ಲಿ ಅದು ತೆಲಂಗಾಣವಾಯಿತು, 2016ರಲ್ಲಿ ಜೋಗುಲಾಂಬ ಗದ್ವಾಲ ಎಂಬ ಹೊಸ ಜಿಲ್ಲೆಗೆ ಸೇರಿತು. ಅವರು ಕುಳಿತಿದ್ದ ವಿಧಾನಸಭೆ ಈಗ ಚರಿತ್ರೆಯ ಪುಟದಲ್ಲಿ ಮಾತ್ರ.

ಉಳಿದದ್ದು ಯಾವುದು? ಅವರ 'ಆಂಧ್ರುಲ ಸಾಂಘಿಕ ಚರಿತ್ರ' ಎಂಬ ಗ್ರಂಥ. ಇದು ರಾಜರ ಯುದ್ಧಗಳ ಚರಿತ್ರೆಯಲ್ಲ. ಸಾಮಾನ್ಯ ಜನ ಏನು ಉಂಡರು, ಏನು ಉಟ್ಟರು, ಯಾವ ಆಟ ಆಡಿದರು, ಹೇಗೆ ವ್ಯಾಪಾರ ಮಾಡಿದರು ಎಂಬುದನ್ನು ಹಳೆಯ ಕಾವ್ಯಗಳಿಂದ ಹೆಕ್ಕಿ ಬರೆದ ಚರಿತ್ರೆ. ಕೇಂದ್ರ ಸಾಹಿತ್ಯ ಅಕಾಡೆಮಿ 1955ರಲ್ಲಿ ಮೊದಲ ಬಾರಿಗೆ ಪ್ರಶಸ್ತಿಗಳನ್ನು ಕೊಟ್ಟಾಗ ಕನ್ನಡದಲ್ಲಿ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಆಯ್ಕೆಯಾಯಿತು, ತೆಲುಗಿನಲ್ಲಿ ಈ ಗ್ರಂಥ. ಅದನ್ನು ಪಡೆಯಲು ಲೇಖಕರು ಬದುಕಿರಲಿಲ್ಲ. 2025ರಲ್ಲಿ ಹೈದರಾಬಾದಿನ ತೆಲುಗು ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಡುವ ಮಸೂದೆಗೆ ತೆಲಂಗಾಣ ವಿಧಾನಸಭೆ ಒಪ್ಪಿಗೆ ನೀಡಿತು. ಹದಿನೇಳು ತಿಂಗಳ ಶಾಸಕನಿಗೆ ಈ ಗೌರವ ಸಂದದ್ದು ಶಾಸಕಗಿರಿಗಾಗಿ ಅಲ್ಲ.

ಪ್ರಿಯ ಓದುಗರೇ, ಇಂದು ನಾರಾಯಣಪೇಟೆ, ಮಕ್ತಲ, ಗದ್ವಾಲದ ಕಡೆ ಕನ್ನಡ ಮಾತನಾಡುವ ಮನೆಗಳ ಸ್ಥಿತಿ ಒಂದು ಅರ್ಥದಲ್ಲಿ ಅಂದಿನ ತೆಲುಗರ ಸ್ಥಿತಿಯೇ. ಸರಕಾರಿ ಕಾಗದ ಬೇರೆ ಭಾಷೆಯಲ್ಲಿ, ಮಕ್ಕಳ ಶಾಲೆ ಬೇರೆ ಭಾಷೆಯಲ್ಲಿ. "ಇಲ್ಲಿ ಕನ್ನಡ ಎಲ್ಲಿದೆ?" ಎಂದು ಯಾರಾದರೂ ಕೇಳಿದರೆ ಸಿಟ್ಟಾಗಿ ಪ್ರಯೋಜನವಿಲ್ಲ. ಪ್ರತಾಪರೆಡ್ಡಿಯವರು ತೋರಿಸಿದ ದಾರಿ ಇದೆ. ಮನೆಯ ಅಜ್ಜಿ ಹೇಳುವ ಹಾಡು, ಗಾದೆ, ಹಿರಿಯರ ಹೆಸರು, ಅವರು ಎಲ್ಲಿಂದ ಬಂದರು, ಯಾವ ಶಾಲೆಯಲ್ಲಿ ಯಾರು ಕನ್ನಡ ಕಲಿಸಿದರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಶಾಲೆಗೆ ಹೋಗುವ ಮಕ್ಕಳ ಕೈಯಲ್ಲೇ ಬರೆಸಿದರೆ ಇನ್ನೂ ಒಳ್ಳೆಯದು. ಈ ಕೆಲಸಕ್ಕೆ ಯಾವ ಶಾಸಕರ ಪರಿಚಯವೂ ಬೇಡ, ಪಕ್ಕದ ಮನೆಯವರ ಪರಿಚಯವಿದ್ದರೆ ಸಾಕು.