ಎಚ್‌ಐವಿ ಮಾತ್ರೆಗಳು ಮತ್ತು ಜೀವಕೋಶದ ಶಕ್ತಿ

ಎಚ್‌ಐವಿ ಸೋಂಕಿಗೆ ನೀಡುವ ಮಾತ್ರೆಗಳಿಂದ ಪಾದಗಳು ಉರಿಯುತ್ತವೆ, ಕೆನ್ನೆಗಳು ಒಳಸರಿದು ಮುಖ ಸೊರಗುತ್ತದೆ ಎಂಬ ಮಾತುಂಟು. ಈ ಅಂಜಿಕೆ ನಿರಾಧಾರವಾದುದಲ್ಲ. ಆದರೆ ಅದು ಹುಟ್ಟಿದ್ದು ಹಿಂದಿನ ಔಷಧಗಳಿಂದ. ಅದರ ಕಾರಣವನ್ನು ಅರಿಯುವುದು ಒಳ್ಳೆಯದು.

ನಮ್ಮ ಬಹುತೇಕ ಎಲ್ಲ ಜೀವಕೋಶಗಳೊಳಗೆ ಮೈಟೊಕಾಂಡ್ರಿಯಾ ಎಂಬ ಸೂಕ್ಷ್ಮ ರಚನೆಗಳಿವೆ. ಉಂಡ ಆಹಾರದ ಸಾರವನ್ನು ಆಮ್ಲಜನಕದ ನೆರವಿನಿಂದ ಶಕ್ತಿಯನ್ನಾಗಿ ಪರಿವರ್ತಿಸುವುದೇ ಇವುಗಳ ಕಾಯಕ. ಇವುಗಳಿಗೆ 37 ಜೀನುಗಳುಳ್ಳ ತಮ್ಮದೇ ಆದ ಪುಟ್ಟ ಡಿಎನ್‌ಎ ಇದೆ. ಅದರ ಪ್ರತಿಯನ್ನು ಸಿದ್ಧಪಡಿಸುವ ಕಿಣ್ವವೇ ಪಾಲಿಮರೇಸ್ ಗಾಮಾ.

ಎಚ್‌ಐವಿ ವೈರಾಣು ವೃದ್ಧಿಯಾಗಲು ಡಿಎನ್‌ಎ ಸರಪಳಿಯನ್ನು ಹೆಣೆಯಬೇಕು. 1987ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಜಿಡೊವುಡಿನ್ ಹಾಗೂ ಅನಂತರ ಬಂದ ಸ್ಟಾವುಡಿನ್ ಔಷಧಗಳು ಆ ಸರಪಳಿಯ ಕೊಂಡಿಗಳನ್ನೇ ಹೋಲುತ್ತವೆ. ಆದರೆ ಮುಂದಿನ ಕೊಂಡಿಯನ್ನು ಹಿಡಿಯುವ ಕೊಕ್ಕೆ ಇವುಗಳಿಗಿಲ್ಲ. ವೈರಾಣುವಿನ ಕಿಣ್ವ ಇವನ್ನು ಸೇರಿಸಿಕೊಂಡೊಡನೆ ಸರಪಳಿ ಅಲ್ಲಿಗೇ ನಿಲ್ಲುತ್ತದೆ. ದುರ್ದೈವವಶಾತ್ ಪಾಲಿಮರೇಸ್ ಗಾಮಾ ಕೂಡ, ವಿಶೇಷವಾಗಿ ಸ್ಟಾವುಡಿನ್ ವಿಷಯದಲ್ಲಿ, ಹೀಗೆಯೇ ಮೋಸಹೋಗುತ್ತದೆ. ಆಗ ಮೈಟೊಕಾಂಡ್ರಿಯಾದ ಡಿಎನ್‌ಎ ಕಡಿಮೆಯಾಗಿ ಶಕ್ತಿಯ ಉತ್ಪಾದನೆ ಕುಗ್ಗುತ್ತದೆ. ನರಗಳಿಗೆ ಹಾನಿಯಾಗಿ ಪಾದಗಳಲ್ಲಿ ಉರಿ, ಜೋಮು ಕಾಣಿಸುತ್ತದೆ. ಚರ್ಮದಡಿಯ ಕೊಬ್ಬು ಕರಗಿ ಕೆನ್ನೆ, ಕೈಕಾಲುಗಳು ಸೊರಗುತ್ತವೆ. ವಿರಳವಾಗಿ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಮಿತಿಮೀರಿ ಪ್ರಾಣಾಪಾಯವೂ ಒದಗುತ್ತದೆ.

ನಮ್ಮ ದೇಶದಲ್ಲಿ 2004ರ ಏಪ್ರಿಲ್‌ನಲ್ಲಿ ಸರಕಾರ ಉಚಿತ ಚಿಕಿತ್ಸೆ ಆರಂಭಿಸಿದಾಗ ಸ್ಟಾವುಡಿನ್ ಬಳಕೆಯಲ್ಲಿತ್ತು. ಕಡಿಮೆ ಬೆಲೆಯ ಆ ಔಷಧ ಅಸಂಖ್ಯ ಜೀವಗಳನ್ನು ಉಳಿಸಿತೆಂಬುದೂ ಸತ್ಯವೇ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಹಂತಹಂತವಾಗಿ ಕೈಬಿಡುವಂತೆ ಸೂಚಿಸಿತು. ಈಗ ಬಹುತೇಕರಿಗೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆಯನ್ನು ದಿನಕ್ಕೊಮ್ಮೆ ನೀಡಲಾಗುತ್ತದೆ. ಇವು ಪಾಲಿಮರೇಸ್ ಗಾಮಾವನ್ನು ಅಷ್ಟಾಗಿ ಬಾಧಿಸುವುದಿಲ್ಲ. ಆದರೂ ಟೆನೊಫೊವಿರ್‌ನಿಂದ ಕೆಲವರ ಮೂತ್ರಪಿಂಡಗಳಿಗೆ ತೊಂದರೆಯಾಗಬಹುದಾದ್ದರಿಂದ ವೈದ್ಯರು ಹೇಳಿದ ರಕ್ತಪರೀಕ್ಷೆಗಳನ್ನು ತಪ್ಪಿಸಬಾರದು.

ಪಾದಗಳಲ್ಲಿ ಉರಿ, ಜೋಮು ಕಂಡರೆ ಎ.ಆರ್.ಟಿ. ಕೇಂದ್ರದ ವೈದ್ಯರಿಗೆ ತಿಳಿಸಬೇಕು. ತೀವ್ರ ಬಳಲಿಕೆಯೊಡನೆ ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಮದ್ಯಪಾನವು ನರಗಳಿಗೂ ಯಕೃತ್ತಿಗೂ ಹಾನಿಕರವಾದುದರಿಂದ ಅದನ್ನು ಸಂಪೂರ್ಣವಾಗಿ ತ್ಯಜಿಸಬೇಕು.

ಆದರೆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಸರ್ವಥಾ ಸಲ್ಲದು. ನಿಲ್ಲಿಸಿದರೆ ವೈರಾಣು ಮತ್ತೆ ಹೆಚ್ಚುತ್ತದೆ. ಔಷಧಕ್ಕೆ ಬಗ್ಗದ ರೂಪವನ್ನೂ ತಾಳಬಹುದು. ಚಿಕಿತ್ಸೆಯಿಲ್ಲದ ಎಚ್‌ಐವಿ ಸೋಂಕೇ ಮೈಟೊಕಾಂಡ್ರಿಯಾಗಳನ್ನು ಘಾಸಿಗೊಳಿಸುತ್ತದೆ. ಒಂದು ಔಷಧ ಒಗ್ಗದಿದ್ದರೆ ವೈದ್ಯರ ಬಳಿ ಬೇರೆ ಔಷಧವಿದೆ. ಮನೆಯಲ್ಲಿ ಯಾರಾದರೂ ಈ ಮಾತ್ರೆ ಸೇವಿಸುತ್ತಿದ್ದರೆ ಅವರನ್ನು ದೂರವಿಡದೆ, ನಿತ್ಯವೂ ತಪ್ಪದೆ ಸೇವಿಸುವಂತೆ ನೆರವಾಗುವುದು ಕುಟುಂಬದವರೆಲ್ಲರ ಕರ್ತವ್ಯ.