ನಿದ್ರಿಸುವ ಗಣಕಯಂತ್ರವನ್ನು ಎಚ್ಚರಿಸುವುದು ಯಾವುದು?

ಸಮೀರವಾಡಿಯ ಸಕ್ಕರೆ ಕಾರ್ಖಾನೆಯನ್ನು ಅವಲಂಬಿಸಿದ ವ್ಯಾಪಾರಿಗಳಿಗೂ ಸಮೀಪದ ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳ ಮಾಲೀಕರಿಗೂ ಗಣಕಯಂತ್ರವೇ ಇಂದು ಲೆಕ್ಕದ ಪುಸ್ತಕ. ಬಿಡುವಿನಲ್ಲಿ ಅದನ್ನು ‘ಸ್ಲೀಪ್’ ಸ್ಥಿತಿಯಲ್ಲಿಟ್ಟರೆ ವಿದ್ಯುತ್ ಉಳಿಯುತ್ತದೆ. ಆಗ ಪರದೆ, ಡಿಸ್ಕ್‌ಗಳು ಸ್ತಬ್ಧವಾಗಿ, ಸ್ಮೃತಿಕೋಶಕ್ಕೆ ಮಾತ್ರ ಅಲ್ಪ ವಿದ್ಯುತ್ ಹರಿಯುತ್ತಿರುತ್ತದೆ. ಕೀಲಿಮಣೆ ಮತ್ತು ಮೌಸ್‌ಗಳಿಗೂ ಕಿಂಚಿತ್ ವಿದ್ಯುತ್ ದೊರೆಯುವುದರಿಂದ ಅವುಗಳ ಸಂಕೇತಕ್ಕೆ ಯಂತ್ರವು ಎಚ್ಚರಗೊಳ್ಳುತ್ತದೆ.

ಕೀಲಿಯನ್ನು ಯಾರಾದರೂ ಒತ್ತಬೇಕು. ಮೌಸ್‌ಗಾದರೋ ಅಲುಗಾಟವೇ ಸಾಕಾಗಬಹುದು. ಮಗ್ಗದ ಕಂಪನಕ್ಕೆ ಮೇಜು ಅದುರಿದರೂ ಯಂತ್ರವು ಎದ್ದು ಕುಳಿತೀತು. ವಿದ್ಯುತ್ ಕಡಿತದ ವೇಳೆ ಹೀಗಾದರೆ ಯುಪಿಎಸ್ ಬ್ಯಾಟರಿ ಬೇಗ ಬರಿದಾಗಿ, ಸೇವ್ ಮಾಡದ ನಮೂದುಗಳು ಅಳಿಯುತ್ತವೆ.

ಪರಿಹಾರ ಸುಲಭ. ವಿಂಡೋಸ್‌ನ ‘ಡಿವೈಸ್ ಮ್ಯಾನೇಜರ್’ನಲ್ಲಿ ಮೌಸ್‌ನ ಹೆಸರನ್ನು ಎರಡು ಬಾರಿ ಕ್ಲಿಕ್ಕಿಸಿ, ‘ಪವರ್ ಮ್ಯಾನೇಜ್‌ಮೆಂಟ್’ ಪುಟದಲ್ಲಿ ಯಂತ್ರವನ್ನು ಎಚ್ಚರಿಸುವ ಅನುಮತಿಯ ಗುರುತನ್ನು ತೆಗೆಯಬೇಕು. ಕೀಲಿಮಣೆಯ ಅನುಮತಿಯನ್ನು ಹಾಗೆಯೇ ಉಳಿಸಿಕೊಳ್ಳಬಹುದು. ಆ ಪುಟ ಕಾಣದಿದ್ದಲ್ಲಿ ಬಯಾಸ್‌ನ ಯುಎಸ್‌ಬಿ ಆಯ್ಕೆಗಳನ್ನು ತಂತ್ರಜ್ಞರಿಂದ ಪರಿಶೀಲಿಸಿಕೊಳ್ಳುವುದು ಲೇಸು.

ದೀರ್ಘ ವಿರಾಮಕ್ಕೆ ‘ಹೈಬರ್ನೇಟ್’ ಸೂಕ್ತ. ಸ್ಮೃತಿಯಲ್ಲಿರುವುದೆಲ್ಲ ಡಿಸ್ಕಿನಲ್ಲಿ ದಾಖಲಾಗುವುದರಿಂದ ವಿದ್ಯುತ್ ಹೋದರೂ ಅದು ಉಳಿಯುತ್ತದೆ. ಆದರೂ ಗಲ್ಲೆಗೆ ಬೀಗ ಹಾಕುವಂತೆ, ಏಳುವ ಮುನ್ನ ಲೆಕ್ಕವನ್ನು ಸೇವ್ ಮಾಡುವ ರೂಢಿಯೇ ಕ್ಷೇಮಕರ.