ದೂರವನ್ನು ತಗ್ಗಿಸಿದ ಧೀಮಂತ ಜೆ.ಎಚ್. ಪಟೇಲರು

ಆಡಳಿತವು ಪ್ರಜೆಯಿಂದ ದೂರವಿದ್ದರೆ ಅವನ ಪಾಲಿಗೆ ಅದು ಇದ್ದೂ ಇಲ್ಲದಂತೆಯೇ ಸರಿ. ಆ ದೂರ ಎರಡು ಬಗೆಯದು: ಒಂದು ಭಾಷೆಯದು, ಇನ್ನೊಂದು ಹಾದಿಯದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಜನ ಎರಡನ್ನೂ ಉಂಡವರು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ಅರ್ಜಿ ಬರೆಸಲೂ ಅನ್ಯರ ಮೊರೆ ಹೋಗಬೇಕು. 1956ರಲ್ಲಿ ಕನ್ನಡ ನಾಡು ಒಂದಾದ ಮೇಲೂ ಜಿಲ್ಲಾ ಕೇಂದ್ರವಾದ ರಾಯಚೂರು ಕೊಪ್ಪಳದಿಂದ 150 ಕಿಲೋಮೀಟರಿಗೂ ಅಧಿಕ ದೂರದಲ್ಲಿಯೇ ಉಳಿಯಿತು. ಒಂದು ಸಹಿಗಾಗಿ ರೈತನು ಬಿತ್ತನೆಯ ದಿನಗಳನ್ನು ಕಳೆದುಕೊಳ್ಳಬೇಕಾಗಿತ್ತು.

ಈ ಎರಡೂ ಬಗೆಯ ದೂರವನ್ನು ತಗ್ಗಿಸಲು ಶ್ರಮಿಸಿದವರು ಶ್ರೀ ಜೆ.ಎಚ್. ಪಟೇಲರು. 1930ರ ಅಕ್ಟೋಬರ್ 1ರಂದು ಚನ್ನಗಿರಿ ತಾಲೂಕಿನ ಕಾರಿಗನೂರಿನಲ್ಲಿ ಜನಿಸಿದ ಇವರು ಕಾನೂನು ಪದವಿ ಪಡೆದರು. ಲೋಹಿಯಾ ಅವರ ಸಮಾಜವಾದಕ್ಕೆ ಮನಸೋತು, ಶಾಂತವೇರಿ ಗೋಪಾಲಗೌಡರ ಒಡನಾಟದಲ್ಲಿ ಬೆಳೆದರು.

1967ರಲ್ಲಿ ಶಿವಮೊಗ್ಗೆಯಿಂದ ಲೋಕಸಭೆಗೆ ಆಯ್ಕೆಯಾದ ಪಟೇಲರು ಅಲ್ಲಿ ಕನ್ನಡದಲ್ಲಿ ಮಾತನಾಡಿದ ಪ್ರಥಮರೆನಿಸಿದರು. ಹಿಂದಿ ಅಥವಾ ಇಂಗ್ಲಿಷಿನಲ್ಲಿ ಮನದಿಂಗಿತವನ್ನು ಸಮರ್ಪಕವಾಗಿ ಹೇಳಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಪತಿಯು ಅನುಮತಿ ನೀಡಬಹುದೆಂದು ಸಂವಿಧಾನದ 120ನೆಯ ವಿಧಿ ಹೇಳುತ್ತದೆ. ಪಟೇಲರು ಇಂಗ್ಲಿಷ್ ಬಲ್ಲವರು. ಆದರೂ ಕನ್ನಡದಲ್ಲಿಯೇ ನುಡಿದರು. ಸಭಾಪತಿ ನೀಲಂ ಸಂಜೀವ ರೆಡ್ಡಿಯವರು ಅವಕಾಶವಿತ್ತರು. ಭಾಷೆ ಬಾರದವನಿಗೆ ತೋರುವ ರಿಯಾಯಿತಿಯಾಗಿದ್ದುದು ಅಂದು ಜನಭಾಷೆಗೆ ಸಂದ ಗೌರವವಾಯಿತು ಎಂದೇ ನಮ್ಮ ಭಾವನೆ.

ತುರ್ತು ಪರಿಸ್ಥಿತಿಯಲ್ಲಿ ಸೆರೆವಾಸ, 1983ರಲ್ಲಿ ಹೆಗಡೆಯವರ ಸಂಪುಟದಲ್ಲಿ ಸಚಿವಸ್ಥಾನ, 1994ರಲ್ಲಿ ಉಪಮುಖ್ಯಮಂತ್ರಿ ಪದವಿ, 1996ರ ಮೇ 31ರಂದು ಮುಖ್ಯಮಂತ್ರಿ ಪದವಿ: ಹೀಗೆ ಅವರ ಬದುಕು ಸಾಗಿತು. ಜಿಲ್ಲೆಗಳ ಪುನರ್ವಿಂಗಡಣೆಯ ಬಗ್ಗೆ ಸಮಿತಿಗಳ ವರದಿಗಳು ಬಂದು ವರ್ಷಗಳೇ ಉರುಳಿದ್ದವು. ಯಾವ ಊರನ್ನು ಕೇಂದ್ರ ಮಾಡಿದರೂ ಇನ್ನೊಂದು ಊರಿಗೆ ಮುನಿಸು. ಪಟೇಲರು ಆ ಮುನಿಸಿಗೆ ಅಂಜಲಿಲ್ಲ. 1997ರಲ್ಲಿ ಏಳು ಹೊಸ ಜಿಲ್ಲೆಗಳು ಉದಯಿಸಿದವು. ಆಗಸ್ಟ್ 24ರಂದು ರಾಯಚೂರಿನಿಂದ ಬೇರ್ಪಟ್ಟು ನಾಲ್ಕು ತಾಲೂಕುಗಳ ಕೊಪ್ಪಳ ಜಿಲ್ಲೆಯಾಯಿತು. ಇಂದು ಕಾರಟಗಿ, ಕನಕಗಿರಿ, ಕುಕನೂರು ಸೇರಿ ತಾಲೂಕುಗಳು ಏಳಾಗಿವೆ.

ಜಿಲ್ಲೆಯಾದ ಮಾತ್ರಕ್ಕೆ ಬಡತನ ತೊಲಗಲಿಲ್ಲ ಎಂಬುದನ್ನೂ ಹೇಳಬೇಕು. ತುಂಗಭದ್ರೆಯ ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜವಾಗಿಸಿದೆ. ಕುಷ್ಟಗಿ, ಯಲಬುರ್ಗಾದ ರೈತನು ಇಂದಿಗೂ ಬಹುಮಟ್ಟಿಗೆ ಮುಗಿಲನ್ನೇ ನೋಡುತ್ತಾನೆ. ಆದರೆ ತನ್ನ ಅಳಲನ್ನು ಹೇಳಲು ಈಗ ಅವನು ರಾಯಚೂರಿಗೆ ಹೋಗಬೇಕಾಗಿಲ್ಲ. ಕಚೇರಿ ಹತ್ತಿರ ಬಂದುದು ಪಟೇಲರ ಕೊಡುಗೆ. ಅಲ್ಲಿ ಕುಳಿತವರು ಜನರ ಹತ್ತಿರ ಬರುವುದು ಮುಂದಿನವರ ಹೊಣೆ.

1999ರ ಚುನಾವಣೆಯಲ್ಲಿ ಅವರ ಪಕ್ಷ ಸೋತಿತು. 2000ದ ಡಿಸೆಂಬರ್ 12ರಂದು ಪಟೇಲರು ಕಾಲವಶರಾದರು. ನಮ್ಮ ಮನೆತನಗಳ ಅನೇಕ ಮಕ್ಕಳು ಇಂದು ಕಾನೂನು ಓದುತ್ತಿದ್ದಾರೆ. ಕಕ್ಷಿಗಾರನಿಗೆ ಅವನ ಮೊಕದ್ದಮೆಯನ್ನು ಅವನ ನುಡಿಯಲ್ಲಿಯೇ ತಿಳಿಯಹೇಳುವ ವಕೀಲರು ಅವರಾಗಲಿ. ಪಟೇಲರ ಸ್ಮರಣೆಗೆ ಅದಕ್ಕಿಂತ ಮಿಗಿಲಾದುದನ್ನು ನಾವು ಕಾಣೆವು.